ಕ್ಯಾಮೆರಾವನ್ನೂ ಕಸುಬೆಂದು ಕಲಿಸಿದ ಶಾಲೆ

ಪ್ರಿಯ ಗೆಳೆಯರೇ,

ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದೂ ಪಿಯುಸಿ ಬೇಡ, ಡಿಪ್ಲೊಮಾಕ್ಕೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆಂದು ಬರೆದಿದ್ದೀರಿ. ‘ಓದೋ ಹುಡುಗಿಗೆ ಇದೆಲ್ಲ ಯಾಕೆ’ ಎಂದು ನೆಂಟರು ಮೂಗು ಮುರಿದದ್ದು ನಿಮ್ಮನ್ನು ನೋಯಿಸಿದೆ. ಅವರ ಮಾತು ಬಿಡಿ. ಒಂದು ಶಾಲೆಯ ಕತೆ ಕೇಳಿ.

ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರದ ಎಸ್.ಜೆ. ಪಾಲಿಟೆಕ್ನಿಕ್ ನಿಮಗೆ ಗೊತ್ತು. 1943ರಲ್ಲಿ ಶುರುವಾದಾಗ ಅದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಹುಡುಗರ ಕೈಗೆ ಕಸುಬು ಕೊಡುವ ಜಾಗ. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ್ದಕ್ಕಾಗಿ ಸರ್ಕಾರ ಕೊಡಬೇಕಿದ್ದ ಹಣವನ್ನು ಸರ್ ಎಂ. ವಿಶ್ವೇಶ್ವರಯ್ಯ ಮುಟ್ಟಲಿಲ್ಲ, ಅದರಲ್ಲಿ ಇಂಥದ್ದೊಂದು ಶಾಲೆ ತೆರೆಯಿರಿ ಎಂದರು. ಅವರ ಹೆಸರನ್ನೇ ಇಡೋಣವೆಂದಾಗ ಒಪ್ಪದೆ ಮಹಾರಾಜರ ಹೆಸರು ಇಡಿಸಿದರು. ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಎಂಜಿನಿಯರುಗಳ ಎಂಜಿನಿಯರು ತಮ್ಮ ದುಡಿಮೆಯ ಹಣ ಸುರಿದದ್ದು ಕೈಕೆಲಸದ ಓದಿಗೆ. ನೆಂಟರಿಗೆ ಬೇಕಾದರೆ ಇಷ್ಟು ಹೇಳಿ, ಸಾಕು.

ನನಗೆ ಅದಕ್ಕಿಂತ ಹಿಗ್ಗು ತರುವ ಸಂಗತಿ ಬೇರೆ. ಆ ಶಾಲೆಯಲ್ಲಿ ಸಿನಿಮಾ ಛಾಯಾಗ್ರಹಣವನ್ನೂ ಒಂದು ಕಸುಬಾಗಿ ಕಲಿಸಿದರು! ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂದದ್ದು 1960ರಲ್ಲಿ. ಇಲ್ಲಿ ಅಷ್ಟು ಹೊತ್ತಿಗೆ ಎಷ್ಟೋ ತಂಡಗಳು ಕಲಿತು ಹೊರಬಿದ್ದಿದ್ದವು. ಮೊದಲ ತಂಡದಲ್ಲೇ ಇದ್ದವರು ಮೈಸೂರಿನ ಹುಡುಗ ವಿ.ಕೆ. ಮೂರ್ತಿ. ಪಿಟೀಲು ನುಡಿಸುತ್ತಿದ್ದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು.

ಮೂರ್ತಿಯವರು ಕ್ಯಾಮೆರಾ ಹಿಡಿದ, ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಸಿಕ್ಕರೆ ಮಗಳ ಜೊತೆ ಕೂತು ನೋಡಿ. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದು ದೀಪದ ಬೆಳಕಲ್ಲ, ಬಿಸಿಲು. ಹೊರಗೊಂದು ದೊಡ್ಡ ಕನ್ನಡಿ ಇಟ್ಟು ಬಿಸಿಲು ಹಿಡಿದರು, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿ ಇಟ್ಟು ಅದನ್ನು ಕೆಳಕ್ಕೆ ತಿರುಗಿಸಿದರು. ಸೂರ್ಯ ಸರಿದ ಹಾಗೆ ಕನ್ನಡಿಯನ್ನೂ ಸರಿಸಬೇಕು. ಕೋನ ಚೂರು ತಪ್ಪಿದರೂ ಬೆಳಕು ಗೋಡೆಗೆ. ಬೆಳಕು ಹೇಗೆ ಹೊರಳುತ್ತದೆಂದು ಪುಸ್ತಕದಲ್ಲಿ ಓದಿದವರು ಲಕ್ಷ ಜನ ಇದ್ದಾರು. ಮೂರ್ತಿಯವರ ಕೈಗೆ ಅದು ಗೊತ್ತಿತ್ತು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

1962ರಲ್ಲಿ ಅದೇ ಶಾಲೆಯಿಂದ ಹೊರಬಂದ ಗೋವಿಂದ ನಿಹಲಾನಿ ಮುಂಬೈಯಲ್ಲಿ ಮೂರ್ತಿಯವರಿಗೇ ಸಹಾಯಕರಾದರು. ಮುಂದೆ ನಿಹಲಾನಿ ‘ತಮಸ್’ ನಿರ್ದೇಶಿಸಿದಾಗ ಕ್ಯಾಮೆರಾ ಹಿಡಿಯಲು ಗುರುಗಳನ್ನೇ ಕರೆದರು.

ಛಾಯಾಗ್ರಹಣದ ಕೋರ್ಸು ಈಗ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿದೆ. ಮಗಳಿಗೆ ಯಾವುದರಲ್ಲಿ ಆಸೆ ಅಂತ ನೀವು ಬರೆದಿಲ್ಲ; ಯಾವುದೇ ಇರಲಿ, ಅರ್ಜಿ ಹಾಕುವ ಮುಂಚೆ ಅವಳನ್ನು ಕರೆದುಕೊಂಡು ಕಾಲೇಜಿಗೊಮ್ಮೆ ಹೋಗಿ ಬನ್ನಿ. ಆಫೀಸಿಗಿಂತ ಮೊದಲು ವರ್ಕ್‌ಶಾಪು ನೋಡಿ. ಯಂತ್ರಗಳು ಓಡುತ್ತಿವೆಯೇ, ಮಕ್ಕಳ ಕೈಗೆ ಮಸಿ ಹತ್ತಿದೆಯೇ ಅಂತ ಗಮನಿಸಿ. ಏನು ಕಂಡಿತೆಂದು ಬರೆಯಲು ಅವಳಿಗೇ ಹೇಳಿ. ಕಾಯುತ್ತಿರುತ್ತೇನೆ.

ನಿಮ್ಮ ಪ್ರೀತಿಯ ಗೆಳೆಯ