ಏಳುವೆನೆಂಬ ಮಾತು

ರಾತ್ರಿ ಮಲಗುವ ಮುನ್ನ ‘ನಾಳೆ ಬೇಗನೆ ಏಳುವೆನು’ ಎಂದು ಹೇಳದ ವಿದ್ಯಾರ್ಥಿ ಯಾವ ದೇಶದಲ್ಲಿಯೂ ಇರಲಾರನು. ಬೆಳಗಾದೊಡನೆ ಆ ಮಾತು ಹೊದಿಕೆಯೊಳಗೆ ಮುದುಡಿ ಮಲಗುವುದೂ ಎಲ್ಲ ದೇಶಗಳಲ್ಲಿ ಕಾಣುವ ಸಂಗತಿಯೇ. ಆದರೆ ಇದೇ ಮಾತನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಆಡುವವನು ತನಗರಿವಿಲ್ಲದೆಯೇ ಎರಡು ಹೊಣೆಗಳನ್ನು ಹೊತ್ತುಕೊಳ್ಳುತ್ತಾನೆ.

ಆ ಭಾಷೆಯಲ್ಲಿ ‘ಲೆವಾಂತಾರ್’ ಎಂದರೆ ಎತ್ತುವುದು. ಕಲ್ಲನ್ನು ಎತ್ತಬಹುದು, ಕೈಯನ್ನು ಎತ್ತಬಹುದು. ಎತ್ತುವವನು ತನ್ನನ್ನೇ ಎತ್ತಿಕೊಂಡರೆ ಅದು ‘ಲೆವಾಂತಾರ್ಸೆ’, ಅಂದರೆ ಏಳುವುದು. ಇಲ್ಲಿ ಕರ್ತೃವೂ ಅವನೇ, ಕರ್ಮವೂ ಅವನೇ. ಕೊನೆಯಲ್ಲಿರುವ ‘ಸೆ’ ಎಂಬುದು ‘ತನ್ನನ್ನು’ ಎಂಬರ್ಥದ ಸರ್ವನಾಮ. ಇಂತಹ ಕ್ರಿಯಾಪದಗಳಿಗೆ ಆತ್ಮಾರ್ಥಕ ಕ್ರಿಯಾಪದಗಳೆಂದು ಹೆಸರು.

ಭವಿಷ್ಯತ್ಕಾಲದಲ್ಲಿ ಇದರ ರೂಪಗಳು ಬಹು ಸರಳ. ‘ಸೆ’ಯನ್ನು ಕೊನೆಯಿಂದ ಬಿಡಿಸಿ, ಆಯಾ ಪುರುಷಕ್ಕೆ ತಕ್ಕ ಸರ್ವನಾಮವನ್ನು ಮುಂದೆ ಇಡಬೇಕು, ಉಳಿದ ‘ಲೆವಾಂತಾರ್’ ಎಂಬ ಇಡೀ ರೂಪಕ್ಕೆ ಪ್ರತ್ಯಯವನ್ನು ಹಚ್ಚಬೇಕು. ‘ಮೆ ಲೆವಾಂತಾರೇ’ ಎಂದರೆ ನಾನು ಏಳುವೆನು. ‘ತೆ ಲೆವಾಂತಾರಾಸ್’, ನೀನು ಏಳುವೆ. ‘ಸೆ ಲೆವಾಂತಾರಾ’, ಅವನು ಅಥವಾ ಅವಳು ಏಳುವರು. ‘ನೋಸ್ ಲೆವಾಂತಾರೇಮೋಸ್’, ನಾವು ಏಳುವೆವು. ‘ಓಸ್ ಲೆವಾಂತಾರೇಯಿಸ್’, ನೀವು ಏಳುವಿರಿ. ‘ಸೆ ಲೆವಾಂತಾರಾನ್’, ಅವರು ಏಳುವರು. ‘ನಾವು’ ಎಂಬುದರ ರೂಪವೊಂದನ್ನು ಬಿಟ್ಟು ಉಳಿದೈದಕ್ಕೂ ಬರಹದಲ್ಲಿ ಸ್ವರಭಾರದ ಗುರುತು ಬೀಳುತ್ತದೆ. ವರ್ತಮಾನಕಾಲದಲ್ಲಿ ಮೂರು ಗುಂಪುಗಳಾಗಿ ಬೇರೆ ಬೇರೆ ಪ್ರತ್ಯಯ ಬಯಸುವ ಧಾತುಗಳೆಲ್ಲ ಭವಿಷ್ಯತ್ತಿನಲ್ಲಿ ಒಂದೇ ಪ್ರತ್ಯಯಮಾಲೆಯನ್ನು ಧರಿಸುತ್ತವೆ. ಧೈರ್ಯಮಾಡುವುದೆಂಬ ‘ಅತ್ರೆವೇರ್ಸೆ’, ಉಡುಪು ತೊಡುವುದೆಂಬ ‘ವೆಸ್ತೀರ್ಸೆ’ ಇವೂ ಅದೇ ದಾರಿಯಲ್ಲಿ ನಡೆಯುತ್ತವೆ.

ಈ ಭಾಷೆಯನ್ನು ಕಲಿಯಲು ಹೊರಟ ಕನ್ನಡಿಗನು ಎಡವುವ ಸ್ಥಳವೊಂದುಂಟು. ಕನ್ನಡದಲ್ಲಿಯೂ ‘ತೊಳೆ’ ಎಂಬುದು ‘ತೊಳೆದುಕೊಳ್ಳು’ ಆಗುತ್ತದೆ; ಕ್ರಿಯೆಯ ಫಲ ಮಾಡಿದವನಿಗೇ ಮರಳುತ್ತದೆ. ಆದರೆ ತೊಳೆದುಕೊಳ್ಳುವವರು ನಾವಾದರೂ ಅವರಾದರೂ ‘ಕೊಳ್ಳು’ ಒಂದೇ. ಆ ರೂಢಿಯಿಂದ ಅವನು ‘ಸೆ’ಯನ್ನೇ ಎಲ್ಲ ಪುರುಷಗಳಿಗೂ ಅಂಟಿಸಲು ಹೋಗುತ್ತಾನೆ. ಇಲ್ಲವೇ ಸರ್ವನಾಮವನ್ನು ಪೂರ್ತಿ ಮರೆತು ‘ಲೆವಾಂತಾರೇ’ ಎನ್ನುತ್ತಾನೆ. ಆಗ ಕೇಳುವವರಿಗೆ ‘ಎತ್ತುವೆನು’ ಎಂದಷ್ಟೇ ತಿಳಿಯುತ್ತದೆ. ಏನನ್ನು ಎತ್ತುವೆ ಎಂಬ ಪ್ರಶ್ನೆ ಉಳಿಯುತ್ತದೆ. ‘ನನ್ನನ್ನು’ ಎಂಬ ಉತ್ತರವನ್ನು ಅವನೇ ಹೇಳಬೇಕು. ಇದು ಮೊದಲನೆಯ ಹೊಣೆ.

ಎರಡನೆಯದು ಪ್ರತ್ಯಯದಲ್ಲಿ ಅಡಗಿದೆ. ಹಳೆಯ ಲ್ಯಾಟಿನ್ ಭಾಷೆಯ ಭವಿಷ್ಯದ್ರೂಪಗಳು ಜನರ ಬಾಯಲ್ಲಿ ಕಾಲಕ್ರಮದಲ್ಲಿ ಅಳಿದುಹೋದವು. ಅವುಗಳ ಬದಲಿಗೆ ಜನರು ಮೂಲಕ್ರಿಯೆಯ ಜೊತೆಗೆ ‘ಹೊಂದಿದ್ದೇನೆ’ ಎಂಬ ಮಾತನ್ನು ಸೇರಿಸಿ ಆಡತೊಡಗಿದರು; ‘ಹಾಡುವುದು ನನ್ನ ಪಾಲಿಗಿದೆ’ ಎಂಬಂತೆ. ಆ ಎರಡು ಪದಗಳು ಬೆಸೆದುಕೊಂಡು ಇಂದಿನ ಭವಿಷ್ಯತ್ಕಾಲ ಹುಟ್ಟಿತು. 1492ರಲ್ಲಿ ಸಾಲಮಾಂಕಾ ನಗರದಲ್ಲಿ ಪ್ರಕಟವಾದ ತನ್ನ ಕಾಸ್ಟೀಲಿಯನ್ ವ್ಯಾಕರಣದಲ್ಲಿ ಆಂತೋನಿಯೋ ದೆ ನೆಬ್ರಿಹಾ ಎಂಬ ಪಂಡಿತನು ಈ ಜೋಡಣೆಯನ್ನು ಗುರುತಿಸಿದ್ದನು. ಬೆಸುಗೆ ಇನ್ನೂ ಗಟ್ಟಿಯಾಗದಿದ್ದ ಹಳೆಯ ಕಾಲದಲ್ಲಿ ‘ಲೆವಾಂತಾರ್-ಮೆ-ಏ’ ಎಂದು ನಡುವೆ ಸರ್ವನಾಮವನ್ನು ಇರಿಸುವುದೂ ಇತ್ತು. ನೆರೆಯ ಪೋರ್ಚುಗೀಸ್ ಭಾಷೆಯ ಶಿಷ್ಟ ಬರವಣಿಗೆಯಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ.

ಹೀಗೆ ‘ಮೆ ಲೆವಾಂತಾರೇ’ ಎಂಬ ಎರಡು ಪದಗಳ ಒಳಗೆ ‘ನನ್ನನ್ನು ನಾನೇ ಎತ್ತಿಕೊಳ್ಳುವ ಕೆಲಸ ನನ್ನ ಪಾಲಿಗಿದೆ’ ಎಂಬ ಅರ್ಥ ಹುದುಗಿದೆ. ಕರ್ತವ್ಯವೆಂದು ಹೊತ್ತದ್ದೇ ಕಾಲಾಂತರದಲ್ಲಿ ನಾಳೆಯ ಹೆಸರಾಯಿತು. ಆಡುವವರಿಗೆ ಇಂದು ಅದರ ನೆನಪಿಲ್ಲ. ಆದರೂ ಅವರು ಪ್ರತಿ ರಾತ್ರಿ ಅದನ್ನು ಉಚ್ಚರಿಸುತ್ತಾರೆ. ಮಗುವನ್ನು ತಾಯಿ ಎಬ್ಬಿಸಬಹುದು, ನಿದ್ರಿಸುವವನನ್ನು ಗಡಿಯಾರ ಎಚ್ಚರಿಸಬಹುದು. ಏಳುವ ಕೆಲಸವನ್ನು ಮಾತ್ರ ಒಬ್ಬರಿಗಾಗಿ ಇನ್ನೊಬ್ಬರು ಮಾಡಲಾರರು. ವ್ಯಾಕರಣದ ಆ ಪುಟ್ಟ ಸರ್ವನಾಮವು ಕಲಿಯುವವನಿಗೆ ಮೊದಲು ತಿಳಿಸುವುದು ಇದನ್ನೇ.