ಅಮ್ಮನ ಪಟ

ನಮ್ಮ ನಡುಮನೆಯ ಗೋಡೆಯ ಮೇಲೆ ತಂದೆಯವರದೊಂದು ಪಟವಿದೆ. ಅವರು ತೀರಿಕೊಂಡಾಗ ಮನೆಯನ್ನೆಲ್ಲ ಜಾಲಾಡಿದರೂ ಅವರೊಬ್ಬರೇ ಇರುವ ಚಿತ್ರ ಸಿಕ್ಕಲಿಲ್ಲ. ಕೊನೆಗೆ ಭಾವನವರು ಯಾವುದೋ ಮದುವೆಯ ಗುಂಪುಚಿತ್ರವನ್ನು ಹುಡುಕಿ ತೆಗೆದು, ಸ್ಟುಡಿಯೋಕ್ಕೆ ಒಯ್ದು, ಅವರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿ ತಂದರು. ಅವಸರದ ಕೆಲಸ, ತಂದೆಯವರ ಎಡಭುಜದ ಮೇಲೆ ಯಾರದೋ ನಾಲ್ಕು ಬೆರಳುಗಳು ಉಳಿದುಬಿಟ್ಟವು. ಮೂಲಚಿತ್ರವೂ ಆ ಗಲಾಟೆಯಲ್ಲಿ ಕಳೆದುಹೋಯಿತು. ಹಾರ ಹಾಕಿದ ದಿನ ಬೆರಳುಗಳು ಹೂವಿನಲ್ಲಿ ಮರೆಯಾಗುತ್ತವೆ. ಹೂವು ಬಾಡಿದ ಮೇಲೆ ಮತ್ತೆ ಇಣುಕುತ್ತವೆ.

ಅಮ್ಮನಿಗೆ ಈಗ 81. ಅವಳ ಗತಿಯೂ ಹೀಗಾಗಬಾರದೆಂದು ನನಗೆ ಹೊಳೆದದ್ದು ಹೋದ ವರ್ಷ. ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ‘ಸುಮ್ಮನೆ ಒಂದು ಪಟ ತೆಗೆಯೋಣಮ್ಮ’ ಎಂದೆ.

‘ಮೊಳೆ ತಂದಿದೀಯೇನೋ?’ ಎಂದಳು ಅಮ್ಮ, ಹುರುಳೀಕಾಯಿಯ ನಾರು ಬಿಡಿಸುತ್ತ.

ನಾನು ಕೇಳಿಸದವನಂತೆ ಎದ್ದುಹೋದೆ.

ಸ್ಟುಡಿಯೋಕ್ಕೆ ಬರಲು ಅವಳ ಮಂಡಿ ಒಪ್ಪುವುದಿಲ್ಲ. ಆದ್ದರಿಂದ ಮನೆಯಲ್ಲೇ ಆಗಬೇಕು. ಇದೇನು ಹುಚ್ಚು ಎಂದು ಓದುಗರು ನಗಬಾರದು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಗೆ 1863ರಲ್ಲಿ, ಆಕೆಯ 48ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಕೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ತನ್ನ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡಳು. ಕಲ್ಲಿದ್ದಲಿನ ಕೊಟ್ಟಿಗೆ ಕತ್ತಲೆಕೋಣೆಯಾಯಿತು. ಟೆನ್ನಿಸನ್, ಡಾರ್ವಿನ್ನರೂ ಆಕೆಯ ಮುಂದೆ ಕೂತರು, ಮನೆಗೆಲಸದ ಹುಡುಗಿಯೂ ಕೂತಳು. ಆಗ ಕೂತವರು ನಿಮಿಷಗಟ್ಟಲೆ ಅಲುಗುವಂತಿರಲಿಲ್ಲ. ಚಿತ್ರ ಮಸುಕು ಎಂದು ಪಂಡಿತರು ಮೂಗು ಮುರಿದರು; ಆಕೆ ಲಕ್ಷ್ಯ ಮಾಡಲಿಲ್ಲ. ನಮಗಾದರೋ ಕೋಳಿಗೂಡಿಲ್ಲ, ಆದರೆ ಉತ್ತರಕ್ಕೆ ಒಂದು ಕಿಟಕಿಯಿದೆ.

ಈ ಉತ್ತರದ ಕಿಟಕಿಯ ಮಹಿಮೆ ಚಿತ್ರಗಾರರಿಗೆಲ್ಲ ಗೊತ್ತು. ನಮ್ಮ ಕಡೆ ವರ್ಷದ ಬಹುಭಾಗ ಅದರಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ. ಆಕಾಶದ ತಂಪು ಬೆಳಕಷ್ಟೇ ಬರುತ್ತದೆ, ಮುಖದ ಸುಕ್ಕುಗಳನ್ನು ಕೆರೆಯದೆ ಸವರುತ್ತದೆ. ಮೂರು ದಿನ ನಾನು ಆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತು, ಗಂಟೆಗೊಮ್ಮೆ ಬೆಳಕು ಬರೆದಿಟ್ಟುಕೊಂಡೆ. ನನ್ನ ಹೆಂಡತಿಗೆ ನನ್ನ ಆರೋಗ್ಯದ ಬಗೆಗೆ ಸಂಶಯ ಬಂತು. ಗೋಡೆಯ ಹಸಿರು ಬಣ್ಣ ಕೆನ್ನೆಗೆ ಹೊಡೆಯುತ್ತಿತ್ತು, ಆದ್ದರಿಂದ ಅಲ್ಲಿ ಕಂದು ಶಾಲು ಕಟ್ಟಿದೆ. ನೆರಳಿನ ಕಡೆಯ ಕೆನ್ನೆ ತೀರ ಕಪ್ಪಾಗದಿರಲೆಂದು ಎದುರಿನ ಕುರ್ಚಿಗೆ ನನ್ನ ಬಿಳಿ ಪಂಚೆಯನ್ನು ಹರವಿದೆ. ಕ್ಯಾಮರಾ ಹತ್ತಿರ ಹಿಡಿದರೆ ಮೂಗು ದಪ್ಪವಾಗುತ್ತದೆ. ಆರಡಿ ದೂರ, ಅಮ್ಮನ ಕಣ್ಣಿನ ಎತ್ತರ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕ್ಯಾಮರಾ ಮಗಳದು, ಒತ್ತುವವಳೂ ಅವಳೇ.

ಅಮ್ಮ ಬಂದು ಕೂತಳು, ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟು, ಉಸಿರು ಬಿಗಿಹಿಡಿದು. ಹಳೆಯ ಸ್ಟುಡಿಯೋಗಳು ಜನರಿಗೆ ಕಲಿಸಿದ ಭಂಗಿ ಇದು. ‘ಅಜ್ಜಿ, ಮಾತಾಡು’ ಎಂದಳು ಮಗಳು. ‘ಮಾತಾಡಿದರೆ ಬಾಯಿ ತೆರೆದು ಬರೋಲ್ವೇನೇ?’ ಒಟ್ಟು 62 ಚಿತ್ರಗಳಾದವು.

ರಾತ್ರಿ ಊಟವಾದ ಮೇಲೆ ಪರಿಶೀಲನೆ. ಹದಿನೈದರಲ್ಲಿ ಕನ್ನಡಕದೊಳಗೆ ಕಿಟಕಿಯೇ ಕೂತಿತ್ತು. ಗಲ್ಲ ಸ್ವಲ್ಪ ತಗ್ಗಿಸಮ್ಮ ಎನ್ನಲು ಯಾರಿಗೂ ತೋಚಿರಲಿಲ್ಲ. ಕೆಲವದರಲ್ಲಿ ಪಂಚೆಯ ಅಂಚು. ಮಗಳು ಮೆಚ್ಚಿದ್ದು ಅರ್ಧ ಮುಖ ಬೆಳಕು, ಅರ್ಧ ಕತ್ತಲೆಯ ಒಂದು ಚಿತ್ರ. ನಿಜಕ್ಕೂ ಚೆನ್ನಾಗಿತ್ತು, ನಾನೂ ಸೈ ಎಂದೆ.

‘ಇನ್ನರ್ಧ ಎಲ್ಲಿ ಹೋಯ್ತೋ?’ ಎಂದು ಅಮ್ಮ ಅದನ್ನು ತಳ್ಳಿ, ‘ಬೇಡ ಅಂತ ತೆಗೆದಿಟ್ಟಿರೋದನ್ನ ತೋರಿಸು’ ಎಂದಳು. ಒಂದರಲ್ಲಿ ಅವಳ ಕಣ್ಣು ನಿಂತಿತು. ನಾನು ಅವಳ ಸೆರಗು ಸರಿಪಡಿಸುತ್ತಿರುವಾಗ ಮಗಳು ಬೆಳಕು ನೋಡಲೆಂದು ಒತ್ತಿದ್ದು. ಅಮ್ಮ ನನ್ನತ್ತ ಕತ್ತೆತ್ತಿ ಏನೋ ಗದರುತ್ತಿದ್ದಾಳೆ. ಅವಳ ಭುಜದ ಮೇಲೆ ನನ್ನ ಕೈ, ಮಣಿಕಟ್ಟಿನವರೆಗೆ.

‘ಇದರಲ್ಲಿ ನನ್ನ ಕೈ ಬಂದುಬಿಟ್ಟಿದೆ. ಈಗೆಲ್ಲ ಅದನ್ನ ಅಳಿಸಿಬಿಡಬಹುದು.’

‘ಇರಲಿ ಬಿಡು. ಅವರದರಲ್ಲೂ ಇದೆಯಲ್ಲ, ನಿಮ್ಮ ದೊಡ್ಡಪ್ಪನದು.’

ನಾನು ಗೋಡೆಯ ಕಡೆ ತಿರುಗಿದೆ. ದೊಡ್ಡಪ್ಪನೂ ತಂದೆಯವರೂ ಮನೆ ಪಾಲಾದ ಮೇಲೆ 19 ವರ್ಷ ಮಾತು ಬಿಟ್ಟಿದ್ದವರು. ತಂದೆಯವರು ಸತ್ತಾಗ ದೊಡ್ಡಪ್ಪ ಬಂದು ಬಾಗಿಲಲ್ಲೇ ನಿಂತು ಹೋದದ್ದು ನನಗೆ ನೆನಪಿದೆ.

‘ನಿನಗೆ ಗೊತ್ತಿತ್ತೇನಮ್ಮ?’

‘ಉಂಗುರ ಕಾಣೋಲ್ವೇನೋ?’ ಎಂದಳು.

ಅದನ್ನೇ ಅಚ್ಚು ಹಾಕಿಸಿದೆ. ಕಟ್ಟು ಹಾಕಿಸಲು ಅಮ್ಮ ಬಿಡಲಿಲ್ಲ. ತನ್ನ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ. ಮೊಳೆ ಹೊಡೆಯಲು ಇನ್ನೂ ಅಪ್ಪಣೆಯಾಗಿಲ್ಲ.