ಸರಹದ್ದು ಹುಡುಕಿ ಹೊರಟವರು

1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಒಡೆಯಿತು, ಟಿಪ್ಪು ಸುಲ್ತಾನ್ ಹತನಾದ. ಜೂನ್ 22ಕ್ಕೆ ರಾಜ್ಯ ಹಂಚುವ ಒಪ್ಪಂದ. ಜೂನ್ 30ಕ್ಕೆ ಮೈಸೂರಿನ ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಬಳಿ ಚಪ್ಪರ ಎಬ್ಬಿಸಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ದೊರೆ ಸಿಕ್ಕರು. ಸರಿ, ರಾಜ್ಯ ಎಲ್ಲಿಂದ ಎಲ್ಲಿಯವರೆಗೆ?

ಒಪ್ಪಂದದ ಪಟ್ಟಿಯಲ್ಲಿ ಇದ್ದದ್ದು ಸೀಮೆಗಳ ಹೆಸರು, ಎದುರಿಗೆ ಕಂದಾಯದ ವರಹ. ಗುತ್ತಿ, ಗುರ್ರಂಕೊಂಡ ಹೈದರಾಬಾದಿನ ನಿಜಾಮನಿಗೆ. ಕೆನರಾ, ಕೊಯಮತ್ತೂರು ಈಸ್ಟ್ ಇಂಡಿಯಾ ಕಂಪನಿಗೆ. ಯಾವ ಊರಿನ ಎಲ್ಲೆ ಯಾವ ಹಳ್ಳಕ್ಕೆ ಮುಗಿಯುತ್ತದೆ? ಅದನ್ನು ನಡೆದೇ ಕಾಣಬೇಕು. ಆ ಕೆಲಸ ಬಂದದ್ದು ಕ್ಯಾಪ್ಟನ್ ಕಾಲಿನ್ ಮೆಕೆಂಜಿಯ ಹೆಗಲಿಗೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು, ಅದೇ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿ ದುಡಿದವನು.

ಉತ್ತರದ ಸರಹದ್ದು ಹೊತ್ತಿ ಉರಿಯುತ್ತಿತ್ತು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯ ವಾಘ್ ಕುದುರೆಪಡೆ ಕಟ್ಟಿಕೊಂಡು ಆ ಸೀಮೆಯಲ್ಲೇ ತಿರುಗುತ್ತಿದ್ದ. 1800ರ ಸೆಪ್ಟೆಂಬರ್ 10ರಂದು ಅವನು ಬೀಳುವವರೆಗೆ ಅಲ್ಲಿ ದಾರಿಗೆ ಭರವಸೆ ಇರಲಿಲ್ಲ.

ಕಾಡು ಇನ್ನೂ ಕ್ರೂರಿ. ಸರಪಳಿ ಎಳೆಯಬೇಕಾದರೆ ಮೊದಲು ಕತ್ತಿ ಓಡಬೇಕು, ಬಿದಿರುಮೆಳೆ ಸೀಳಬೇಕು. ಗುಡ್ಡದ ನೆತ್ತಿಯಲ್ಲಿ ಬಾವುಟ ನೆಡಬೇಕು, ಅದು ಎದುರು ಗುಡ್ಡಕ್ಕೆ ಕಾಣಬೇಕು. ಮಂಜು ಕವಿಯಿತೋ, ಕಾಯಬೇಕು. ಕಾದು ಕೂತವರನ್ನು ಚಳಿಜ್ವರ ಹುಡುಕಿಕೊಂಡು ಬರುತ್ತಿತ್ತು. ಅದನ್ನು ಹರಡುವುದು ಸೊಳ್ಳೆ ಎಂದು ಗೊತ್ತಾಗಲು ಇನ್ನೂ ಸುಮಾರು ನೂರು ವರ್ಷ ಇತ್ತು! ಮೆಕೆಂಜಿಯನ್ನು ಜ್ವರ ಮತ್ತೆ ಮತ್ತೆ ಕೆಡವಿತು. ಸಹಾಯಕ ಜಾನ್ ಮೇದರ್ ಆರೋಗ್ಯ ಕಳೆದುಕೊಂಡು ಕೆಲಸವನ್ನೇ ಬಿಟ್ಟ. ಇಷ್ಟರ ನಡುವೆ, 1801ರಲ್ಲಿ, ಕಂಪನಿ ಖರ್ಚಿಗೂ ಕತ್ತರಿ ಹಾಕಿತು. ಪ್ರಾಣ ಒತ್ತೆಯಿಟ್ಟವರಿಗೆ ಇದು ಅನ್ಯಾಯ ಎಂದೇ ನನಗನಿಸುತ್ತದೆ.

ಪೂರ್ವದ ಗಡಿಯಲ್ಲಿ ಇನ್ನೊಂದು ಬೆರಗು. 1802ರಲ್ಲಿ ಅಲ್ಲಿ ಅಳತೆಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಕಿವಿಗೆ ಚಿನ್ನದ ಸುದ್ದಿ ಬಿತ್ತು. ತೋರಿಸಿದವರಿಗೆ ಇನಾಮು ಎಂದ. ಉರಿಗಾಂನವರು ಗಾಡಿಯಲ್ಲಿ ಮಣ್ಣು ಹೇರಿ ತಂದು ಅವನೆದುರೇ ತೊಳೆದರು. ತಳದಲ್ಲಿ ಹೊನ್ನು ಮಿನುಗಿತು! ಮಾರಿಕುಪ್ಪದ ಗುಂಡಿಗಳಿಂದ ಕಲ್ಲಿನ ಬುಟ್ಟಿ ಕೈಯಿಂದ ಕೈಗೆ ಮೇಲೇರುತ್ತಿತ್ತು, ಹೆಂಗಸರು ಕುಟ್ಟಿ ಪುಡಿ ಮಾಡುತ್ತಿದ್ದರು. ಕೋಲಾರದ ಚಿನ್ನದ ಗಣಿಯ ಕಥೆಗೆ ಈ ಗಡಿಯ ಅಳತೆಯೂ ಒಂದು ಮೊದಲು.

1803ರಲ್ಲಿ ದೊಡ್ಡ ಪೆಟ್ಟು. ಊರೂರಿನ ಶಾನುಭೋಗರಿಂದ, ಹಿರಿಯರಿಂದ ಮಾತು ಹೊರಡಿಸಬಲ್ಲ ಮೆಕೆಂಜಿಯ ದುಭಾಷಿ ಕಾವಲಿ ವೆಂಕಟ ಬೋರಯ್ಯ ತೀರಿಕೊಂಡ, ಮೂವತ್ತೂ ದಾಟದ ಹರೆಯದಲ್ಲಿ. ತಮ್ಮ ಲಕ್ಷ್ಮಯ್ಯ ಅಣ್ಣನ ಕೆಲಸ ಹೊತ್ತ. ಹಳಗನ್ನಡದ ಶಾಸನ ಬಿಡಿಸಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇದ್ದ. ದಂಡು ನಿಲ್ಲಲಿಲ್ಲ.

1810ರ ಹೊತ್ತಿಗೆ ಸುಮಾರು 40,000 ಚದರ ಮೈಲಿ ನಕ್ಷೆಗೆ ಇಳಿದಿತ್ತು. ಮೆಕೆಂಜಿಗೆ ಹೆಸರು ಬಂತು, ಬರಲೇಬೇಕಿತ್ತು. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಅವನ ಚಿತ್ರದಲ್ಲಿ ದುರ್ಬೀನು ಹಿಡಿದ ಜವಾನ ಕೃಷ್ಣಾಜಿಯೂ ಇದ್ದಾನೆ. ಸರಪಳಿ ಎಳೆದ, ಬಾವುಟ ಹೊತ್ತ ಉಳಿದವರ ಹೆಸರನ್ನೂ ಹೀಗೇ ಉಳಿಸಬೇಕಿತ್ತು.